ಹೈದರಾಬಾದಿನ ಪ್ರವೇಶ ಪಂಚಾಂಗ: ಕೊನೆಯ ದಿನಾಂಕಗಳು ಯಾರನ್ನು ಆರಿಸುತ್ತವೆ?

1. ಪ್ರಶ್ನೆ ಮತ್ತು ವ್ಯಾಪ್ತಿ

ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆ ಕೈಗೆ ಬಂದಾಗ ನಾವು ಗಮನವಿಟ್ಟು ಓದುವುದು ಮೂರು ಭಾಗಗಳನ್ನು: ಅರ್ಹತೆ, ಮೀಸಲಾತಿ, ಶುಲ್ಕ. ದಿನಾಂಕಗಳ ಪಟ್ಟಿಯನ್ನು ಕಚೇರಿಯ ವಿವರವೆಂದು ದಾಟಿ ಹೋಗುತ್ತೇವೆ. ಶಿಕ್ಷಣ ನೀತಿಯ ಚರ್ಚೆಯೂ ಬಹುಮಟ್ಟಿಗೆ ಹೀಗೇ ನಡೆದುಬಂದಿದೆ. ದಿನಾಂಕಗಳೂ ಅಭ್ಯರ್ಥಿಗಳನ್ನು ಸೋಸುತ್ತವೆ ಎಂಬುದು ಈ ಟಿಪ್ಪಣಿಯ ವಾದ. ಯಾವ ಸಂಸ್ಥೆ ಮೊದಲು ಬಾಗಿಲು ತೆರೆದು ಮೊದಲು ಹಣ ಕೇಳುತ್ತದೆ, ಯಾವುದು ಕೊನೆಗೆ ಫಲಿತಾಂಶ ಕೊಡುತ್ತದೆ ಎಂಬ ಅನುಕ್ರಮವೇ ಎಷ್ಟೋ ಮಕ್ಕಳ ಆಯ್ಕೆಯನ್ನು ನಿರ್ಧರಿಸುತ್ತದೆ. ಒಂದೇ ಅಂಕ, ಒಂದೇ ರ‍್ಯಾಂಕ್ ಪಡೆದ ಇಬ್ಬರಲ್ಲಿ ಒಬ್ಬರು ಕಾಯಬಲ್ಲರು, ಇನ್ನೊಬ್ಬರು ಕಾಯಲಾರರು. ಆ ವ್ಯತ್ಯಾಸ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಪರಿಶೀಲನೆಗೆ ಹೈದರಾಬಾದನ್ನು ಆರಿಸಿಕೊಳ್ಳಲು ಕಾರಣವಿದೆ. ರಾಜ್ಯ, ಕೇಂದ್ರ, ರಾಷ್ಟ್ರೀಯ ಮಹತ್ವದ ಸಂಸ್ಥೆ, ಡೀಮ್ಡ್, ಖಾಸಗಿ ಎಂಬ ಐದೂ ಬಗೆಯ ಉನ್ನತ ಶಿಕ್ಷಣ ಇಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿದೆ. ಕನ್ನಡ ಓದುಗರಿಗೆ ಇನ್ನೊಂದು ಕಾರಣವೂ ಉಂಟು. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಕಲಬುರಗಿ, ರಾಯಚೂರು ಭಾಗದ ಮಕ್ಕಳಿಗೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ತಮ್ಮ ವಿಶ್ವವಿದ್ಯಾಲಯವಾಗಿತ್ತು. ಬೀದರಿನಿಂದ ಹೈದರಾಬಾದು ಇಂದಿಗೂ ಸುಮಾರು 140 ಕಿಲೋಮೀಟರ್. ಬೆಂಗಳೂರು ಅದರ ನಾಲ್ಕು ಪಟ್ಟಿಗೂ ಹೆಚ್ಚು ದೂರ. ಆಧಾರಗಳು ಸಾರ್ವಜನಿಕ ದಾಖಲೆಗಳು ಮಾತ್ರ: ಪ್ರವೇಶ ಅಧಿಸೂಚನೆಗಳು, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮಗಳು, ನ್ಯಾಯಾಲಯದ ತೀರ್ಪುಗಳು. ಪರಿಶೀಲಿಸಿದ ಅವಧಿ ಮುಖ್ಯವಾಗಿ 2016ರಿಂದ 2025.

2. ಒಂದು ನಗರ, ಹಲವು ಗಡಿಯಾರ

ಪಿಯುಸಿಗೆ ಸಮನಾದ ಇಂಟರ್‌ಮೀಡಿಯಟ್ ಮುಗಿಸಿದ ಹೈದರಾಬಾದಿನ ವಿದ್ಯಾರ್ಥಿಯ ಮುಂದಿರುವ ಬಾಗಿಲುಗಳನ್ನು ಎಣಿಸೋಣ. ರಾಜ್ಯದ ಎಂಜಿನಿಯರಿಂಗ್ ಮತ್ತು ಫಾರ್ಮಸಿ ಕಾಲೇಜುಗಳಿಗೆ ಟಿಜಿ ಎಪಿಸೆಟ್ (2024ಕ್ಕೆ ಮುನ್ನ ಎಮ್ಸೆಟ್). ಬಿಎ, ಬಿಕಾಂ, ಬಿಎಸ್ಸಿಗೆ ದೋಸ್ತ್ ಎಂಬ ಆನ್‌ಲೈನ್ ವ್ಯವಸ್ಥೆ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಐದು ವರ್ಷಗಳ ಸಂಯುಕ್ತ ಕೋರ್ಸುಗಳಿಗೆ 2022ರಿಂದ ಕ್ಯುಯೆಟ್. 1998ರಲ್ಲಿ ಆರಂಭವಾದ ನಲ್ಸಾರ್ ಕಾನೂನು ವಿಶ್ವವಿದ್ಯಾಲಯಕ್ಕೆ ಕ್ಲಾಟ್. ಕಂದಿಯ ಐಐಟಿಗೆ ಜೆಇಇ ಅಡ್ವಾನ್ಸ್ಡ್ ಮತ್ತು ಜೋಸಾ ಕೌನ್ಸೆಲಿಂಗ್. ಗಚ್ಚಿಬೌಲಿಯ ಐಐಐಟಿಗೆ ಜೆಇಇ ಮೇನ್ ಜೊತೆಗೆ ಅದರದೇ ಪರೀಕ್ಷೆ. ಶಾಮೀರ್‌ಪೇಟೆ ಕಡೆಯ ಬಿಟ್ಸ್ ಆವರಣಕ್ಕೆ ಬಿಟ್‌ಸ್ಯಾಟ್. ತೆಲಂಗಾಣ ಖಾಸಗಿ ವಿಶ್ವವಿದ್ಯಾಲಯಗಳ ಕಾಯ್ದೆ 2018ರಲ್ಲಿ ಬಂದ ಮೇಲೆ ತಲೆಯೆತ್ತಿದ ಖಾಸಗಿ ವಿಶ್ವವಿದ್ಯಾಲಯಗಳು ತಮ್ಮ ತಮ್ಮ ಸುತ್ತುಗಳಲ್ಲಿ ಅರ್ಜಿ ಪಡೆಯುತ್ತವೆ.

ಪ್ರತಿಯೊಂದಕ್ಕೂ ಅರ್ಜಿಯ ಕೊನೆಯ ದಿನ, ಪರೀಕ್ಷೆಯ ದಿನ, ಫಲಿತಾಂಶದ ದಿನ, ಸೀಟು ಒಪ್ಪುವ ದಿನ, ಹಣ ಕಟ್ಟುವ ದಿನ ಬೇರೆ ಬೇರೆ. ಒಂದೊಂದು ಸಂಸ್ಥೆಯ ದೃಷ್ಟಿಯಿಂದ ಇವೆಲ್ಲ ನ್ಯಾಯವಾಗಿಯೇ ಕಾಣುತ್ತವೆ. ಇವನ್ನು ಒಟ್ಟಿಗೆ ಹರಡಿ ನೋಡುವವರು ಅಭ್ಯರ್ಥಿ ಮತ್ತು ಅವರ ತಂದೆತಾಯಿ ಮಾತ್ರ.

ಕೊನೆಯ ದಿನಕ್ಕೆ ಬೆಲೆಯೂ ಇದೆ. 2025ರ ಟಿಜಿ ಎಪಿಸೆಟ್‌ಗೆ ಎಂಜಿನಿಯರಿಂಗ್ ವಿಭಾಗದ ಅರ್ಜಿ ಶುಲ್ಕ ಸಾಮಾನ್ಯ ಅಭ್ಯರ್ಥಿಗೆ 900 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 500. ಗಡುವು ಮೀರಿದವರಿಗೆ ದಂಡ ಶುಲ್ಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: 250, 500, 2,500, ಕೊನೆಗೆ 5,000. ಬಾಗಿಲು ಒಮ್ಮೆಗೇ ಮುಚ್ಚದಿರುವುದು ಒಳ್ಳೆಯದೇ. ಆದರೆ ಕೊನೆಯ ಮೆಟ್ಟಿಲಿನಲ್ಲಿ ದಂಡವು 500 ರೂಪಾಯಿಯ ಅರ್ಜಿಗೆ ಹತ್ತು ಪಟ್ಟಾಗುತ್ತದೆ. ತಡವಾಗಿ ಬರುವವರಲ್ಲಿ ಮರೆತವರಿಗಿಂತ ಹಣ ಅಥವಾ ಪ್ರಮಾಣಪತ್ರ ಹೊಂದಿಸಲಾಗದೆ ಉಳಿದವರು ಹೆಚ್ಚಿದ್ದರೆ, ಈ ದಂಡ ಅಸಡ್ಡೆಗೆ ಬೀಳುತ್ತಿಲ್ಲ, ಬಡತನಕ್ಕೆ ಬೀಳುತ್ತಿದೆ.

ಪ್ರಮಾಣಪತ್ರಗಳಿಗೂ ಅವುಗಳದೇ ಪಂಚಾಂಗವಿದೆ. ಜೋಸಾ ಕೌನ್ಸೆಲಿಂಗ್‌ಗೆ ಒಬಿಸಿ ಕೆನೆಪದರ ರಹಿತ ಮತ್ತು ಆರ್ಥಿಕ ದುರ್ಬಲ ವರ್ಗದ ಪ್ರಮಾಣಪತ್ರಗಳು ಆ ವರ್ಷದ ಏಪ್ರಿಲ್ 1ರ ನಂತರ ಪಡೆದವೇ ಆಗಿರಬೇಕು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮೀಸೇವಾ ಕೇಂದ್ರಗಳ ಮುಂದೆ, ನಮ್ಮಲ್ಲಿ ನಾಡಕಚೇರಿಗಳ ಮುಂದೆ ಸಾಲು ಬೆಳೆಯಲು ಇದೂ ಒಂದು ಕಾರಣ. ತಹಶೀಲ್ದಾರರ ಸಹಿ ಎರಡು ವಾರ ತಡವಾದರೆ ಅಭ್ಯರ್ಥಿಯ ವರ್ಗವೇ ಬದಲಾಗಬಹುದು.

3. ಮುಂಗಡದ ಪೈಪೋಟಿ

ಸಂಸ್ಥೆಗಳು ಒಂದಕ್ಕಿಂತ ಒಂದು ಮೊದಲು ಪ್ರವೇಶ ಕೊಡಲು ಓಡುವುದೇಕೆ? ಅರ್ಥಶಾಸ್ತ್ರದಲ್ಲಿ ಇದಕ್ಕೆ ಒಳ್ಳೆಯ ವಿಶ್ಲೇಷಣೆಯಿದೆ. 2012ರಲ್ಲಿ ನೊಬೆಲ್ ಪಡೆದ ಆಲ್ವಿನ್ ರಾತ್ ಅವರು ಅಮೆರಿಕದ ಆಸ್ಪತ್ರೆಗಳು ಕಿರಿಯ ವೈದ್ಯರನ್ನು ಸೇರಿಸಿಕೊಂಡ ಇತಿಹಾಸವನ್ನು ಅಧ್ಯಯನ ಮಾಡಿದರು. 1940ರ ದಶಕದ ಹೊತ್ತಿಗೆ ಅಲ್ಲಿನ ಆಸ್ಪತ್ರೆಗಳು ಪದವಿ ಮುಗಿಯಲು ಸುಮಾರು ಎರಡು ವರ್ಷ ಇರುವಾಗಲೇ ವಿದ್ಯಾರ್ಥಿಗಳನ್ನು ಹಿಡಿದಿಡುತ್ತಿದ್ದವು. 1945ರಲ್ಲಿ ವೈದ್ಯಕೀಯ ಕಾಲೇಜುಗಳು ಒಂದು ನಿಗದಿತ ದಿನಕ್ಕೆ ಮುನ್ನ ವಿದ್ಯಾರ್ಥಿಗಳ ದಾಖಲೆ ಕೊಡುವುದಿಲ್ಲವೆಂದು ಒಪ್ಪಿಕೊಂಡವು. ಪೈಪೋಟಿ ನಿಲ್ಲಲಿಲ್ಲ, ಜಾಗ ಬದಲಿಸಿತು. ಉತ್ತರ ಕೊಡಲು ಮೊದಲಿಗೆ ಹತ್ತು ದಿನವಿತ್ತು. ನಾಲ್ಕು ವರ್ಷಗಳಲ್ಲಿ ಹನ್ನೆರಡು ಗಂಟೆಯೂ ಹೆಚ್ಚಾಯಿತೆನ್ನುವ ಹಂತ ತಲುಪಿತು. 1952ರಲ್ಲಿ ಎಲ್ಲರ ಆದ್ಯತೆಗಳನ್ನು ಒಂದೇ ಕಡೆ ಪಡೆದು, ಒಂದೇ ದಿನ ಹಂಚುವ ಕೇಂದ್ರೀಯ ವ್ಯವಸ್ಥೆ ಬಂದ ಮೇಲೆಯೇ ಈ ಓಟ ತಣ್ಣಗಾಯಿತು.

ಈ ಅಧ್ಯಯನದಿಂದ ಎರಡು ಪಾಠಗಳು ಸಿಗುತ್ತವೆ. ಮುಂಗಡ ಪ್ರವೇಶದಿಂದ ಒಂದು ಸಂಸ್ಥೆಗೆ ಲಾಭವಾದರೂ ಎಲ್ಲ ಸಂಸ್ಥೆಗಳೂ ಅದನ್ನೇ ಮಾಡಿದಾಗ ಎಲ್ಲರೂ ಕಡಿಮೆ ಮಾಹಿತಿಯ ಮೇಲೆ ತೀರ್ಮಾನ ಮಾಡಬೇಕಾಗುತ್ತದೆ. ಮತ್ತು ಪ್ರವೇಶ ಯಾವಾಗ ಆರಂಭವಾಗಬೇಕೆಂದು ಮಾತ್ರ ನಿಯಂತ್ರಿಸಿದರೆ ಸಾಲದು. ಉತ್ತರಿಸಲು ಎಷ್ಟು ಸಮಯ ಕೊಡಬೇಕೆಂಬುದನ್ನೂ ನಿಯಂತ್ರಿಸಬೇಕು.

ಹೈದರಾಬಾದಿನಲ್ಲಿ ಈ ಓಟ ಇಂಟರ್‌ಮೀಡಿಯಟ್ ಹಂತದಲ್ಲೇ ಆರಂಭವಾಗುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆಯೇ ಖಾಸಗಿ ಜೂನಿಯರ್ ಕಾಲೇಜುಗಳು ರಿಯಾಯಿತಿಯ ಆಸೆ ತೋರಿಸಿ ಸೀಟು ಕಾದಿರಿಸುವುದು, ವೇಳಾಪಟ್ಟಿಗೆ ಮುಂಚೆ ಪ್ರವೇಶ ಕೊಡಬಾರದೆಂದು ಇಂಟರ್‌ಮೀಡಿಯಟ್ ಮಂಡಳಿ ಎಚ್ಚರಿಸುವುದು, ಎರಡೂ ಅಲ್ಲಿನ ವಾಡಿಕೆಯ ಭಾಗ. ಎಂಜಿನಿಯರಿಂಗ್‌ನಲ್ಲಿ ಶೇ. 70ರಷ್ಟು ಸೀಟುಗಳು ಕನ್ವೀನರ್ ಕೋಟಾದ ಮೂಲಕ, ಅಂದರೆ ಸರ್ಕಾರಿ ಕೌನ್ಸೆಲಿಂಗ್ ಮೂಲಕ ತುಂಬುತ್ತವೆ, ಉಳಿದ ಶೇ. 30 ಆಡಳಿತ ಮಂಡಳಿಯವು, ಜನರ ಮಾತಿನಲ್ಲಿ ಬಿ ಕೆಟಗರಿ. ಅಧಿಸೂಚನೆ ಹೊರಬೀಳುವ ಮೊದಲೇ ಈ ಸೀಟುಗಳ ಮಾತುಕತೆ ಮುಗಿದಿರುತ್ತದೆ ಎಂಬ ದೂರು ಪ್ರತಿ ಬೇಸಿಗೆಯಲ್ಲೂ ಕೇಳಿಬರುತ್ತದೆ. ಕನ್ವೀನರ್ ಸೀಟು ಸಿಕ್ಕೀತೆಂಬ ಭರವಸೆಯಿಲ್ಲದ, ಆದರೆ ಕೈಯಲ್ಲಿ ಹಣವಿರುವ ತಂದೆತಾಯಿ ಫಲಿತಾಂಶಕ್ಕೆ ಕಾಯದೆ ಕಟ್ಟಿಬಿಡುತ್ತಾರೆ. ಹಣವಿಲ್ಲದವರು ರ‍್ಯಾಂಕಿಗಾಗಿ ಕಾಯುತ್ತಾರೆ.

4. ಅಮೆರಿಕದ ಗಡುವು, ಹೈದರಾಬಾದಿನ ಮನೆ

ಈ ನಗರದ ಅಭ್ಯರ್ಥಿಗೆ ವಿದೇಶದ ದಿನಾಂಕಗಳೂ ಮನೆಯ ದಿನಾಂಕಗಳೇ. ಬ್ರೂಕಿಂಗ್ಸ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2008ರಿಂದ 2012ರ ನಡುವೆ ಹೈದರಾಬಾದಿನಿಂದ ಅಮೆರಿಕಕ್ಕೆ ಹೋದ ವಿದ್ಯಾರ್ಥಿಗಳು ಸುಮಾರು 26 ಸಾವಿರ. ಅಮೆರಿಕದ ಕಾನ್ಸುಲೇಟ್ ಇಲ್ಲಿ ತೆರೆದದ್ದೂ 2008ರಲ್ಲೇ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602ಕ್ಕೆ ಏರಿ ಭಾರತ ಮೊದಲ ಸ್ಥಾನಕ್ಕೆ ಬಂತು.

ಅಲ್ಲಿನ ಪದವಿ ಕಾಲೇಜುಗಳಲ್ಲಿ ಮುಂಗಡ ಅರ್ಜಿಗೆ ಎರಡು ಬಗೆ. ಎರಡಕ್ಕೂ ಗಡುವು ಸಾಮಾನ್ಯವಾಗಿ ನವೆಂಬರ್ ಆರಂಭದಲ್ಲಿ. ‘ಅರ್ಲಿ ಆಕ್ಷನ್’ನಲ್ಲಿ ಉತ್ತರ ಬೇಗ ಬರುತ್ತದೆ, ಅಭ್ಯರ್ಥಿ ಕಟ್ಟುಬೀಳಬೇಕಿಲ್ಲ. ‘ಅರ್ಲಿ ಡಿಸಿಷನ್’ನಲ್ಲಿ ಸೀಟು ಸಿಕ್ಕರೆ ಉಳಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಂಡು ಅಲ್ಲಿಗೇ ಸೇರುವುದಾಗಿ ಮೊದಲೇ ಒಪ್ಪಿರಬೇಕು. ಕ್ರಿಸ್ಟೊಫರ್ ಏವರಿ, ಆಂಡ್ರೂ ಫೇರ್‌ಬ್ಯಾಂಕ್ಸ್ ಮತ್ತು ರಿಚರ್ಡ್ ಝೆಕ್‌ಹೌಸರ್ 2003ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಮುಂಗಡ ಅರ್ಜಿ ಹಾಕುವುದರಿಂದ ಸಿಗುವ ಅನುಕೂಲ ಎಸ್‌ಎಟಿ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದುದಕ್ಕೆ ಸಮ. ಈ ಪದ್ಧತಿ ಉಳ್ಳವರ ಮಕ್ಕಳಿಗೆ ಅನುಕೂಲ ಎಂಬ ಕಾರಣಕ್ಕೆ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ 2006ರಲ್ಲಿ ಮುಂಗಡ ಪ್ರವೇಶವನ್ನು ಕೈಬಿಡುವುದಾಗಿ ಘೋಷಿಸಿದವು. ಬೇರೆ ಪ್ರಮುಖ ಸಂಸ್ಥೆಗಳು ಬಹುಪಾಲು ಹಿಂಬಾಲಿಸಲಿಲ್ಲ. 2011ರಲ್ಲಿ ಎರಡೂ ಅದನ್ನು ಮರಳಿ ತಂದವು, ಕಟ್ಟುಬೀಳಿಸದ ರೂಪದಲ್ಲಿ. ಒಂದೆರಡು ಸಂಸ್ಥೆಗಳ ಸದ್ಬುದ್ಧಿಯಿಂದ ಪಂಚಾಂಗ ಬದಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹೈದರಾಬಾದಿನ ಮಧ್ಯಮ ವರ್ಗದ ಮನೆಗೆ ಕಟ್ಟುಬೀಳುವ ಅರ್ಜಿಯ ತೊಂದರೆ ಹಣಕಾಸಿನದು. ಯಾವ ಕಾಲೇಜು ಎಷ್ಟು ನೆರವು ಕೊಡುತ್ತದೆಂದು ಹೋಲಿಸಿ ನೋಡುವ ಅವಕಾಶ ನವೆಂಬರಿನಲ್ಲೇ ಕೈತಪ್ಪುತ್ತದೆ. ಇದಕ್ಕೆ ಎದುರಾದ ಒಳ್ಳೆಯ ಮಾದರಿಯೂ ಅಮೆರಿಕದಲ್ಲೇ ಇದೆ. ಅಲ್ಲಿನ ಸ್ನಾತಕೋತ್ತರ ಶಾಲೆಗಳ ಮಂಡಳಿಯ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಧನಸಹಾಯದೊಂದಿಗೆ ಸೀಟು ಪಡೆದವರನ್ನು ಏಪ್ರಿಲ್ 15ಕ್ಕೆ ಮುನ್ನ ಉತ್ತರಿಸುವಂತೆ ಬಲವಂತಪಡಿಸುವಂತಿಲ್ಲ. ಅರ್ಜಿಯ ಗಡುವುಗಳು ಎಷ್ಟೇ ಭಿನ್ನವಾಗಿದ್ದರೂ ಉತ್ತರದ ದಿನ ಒಂದೇ. ಧನಸಹಾಯವಿಲ್ಲದೆ ಎಂಎಸ್‌ಗೆ ಹೋಗುವ ಬಹುಸಂಖ್ಯಾತರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು.

5. ಡಿಸೆಂಬರಿಗೆ ಬಂದ ಕ್ಲಾಟ್

ಭಾರತದ ಒಳಗೆ ಮುಂಗಡ ಪ್ರವೇಶದ ದೊಡ್ಡ ಪ್ರಯೋಗ ಕಾನೂನು ಶಿಕ್ಷಣದಲ್ಲಿ ನಡೆದಿದೆ. ಒಂದೊಂದು ಕಾನೂನು ವಿಶ್ವವಿದ್ಯಾಲಯವೂ ತನ್ನದೇ ಪರೀಕ್ಷೆ ನಡೆಸುತ್ತಿದ್ದ ಕಾಲದಲ್ಲಿ ದಿನಾಂಕಗಳು ಒಂದರ ಮೇಲೊಂದು ಬೀಳುತ್ತಿದ್ದವು. ಸುಪ್ರೀಂ ಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಹಿನ್ನೆಲೆಯಲ್ಲಿ 2008ರಲ್ಲಿ ಕ್ಲಾಟ್ ಹುಟ್ಟಿತು. ನಲ್ಸಾರ್ ಮೊದಲಿನಿಂದಲೂ ಅದರ ಭಾಗ.

ಆ ಸಾಮಾನ್ಯ ಪಂಚಾಂಗ ಎಷ್ಟು ದುರ್ಬಲವೆಂದು 2020ರಲ್ಲಿ ಗೊತ್ತಾಯಿತು. ಕೋವಿಡ್‌ನಿಂದ ಕ್ಲಾಟ್ ಮತ್ತೆ ಮತ್ತೆ ಮುಂದೆ ಹೋದಾಗ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ತನ್ನ ತ್ರೈಮಾಸಿಕ ಪದ್ಧತಿಗೆ ಇಡೀ ವರ್ಷ ನಷ್ಟವಾದೀತೆಂದು ಪ್ರತ್ಯೇಕ ಪರೀಕ್ಷೆಯನ್ನು ಘೋಷಿಸಿ, ಸೆಪ್ಟೆಂಬರ್ 12ರಂದು ನಡೆಸಿಯೂಬಿಟ್ಟಿತು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟು ಆ ಪರೀಕ್ಷೆಯ ಅಧಿಸೂಚನೆಯನ್ನು ರದ್ದುಪಡಿಸಿತು. ಕ್ಲಾಟ್ ಸೆಪ್ಟೆಂಬರ್ 28ರಂದು ನಡೆಯಿತು. ಸಂಸ್ಥೆಯೊಂದರ ಆಂತರಿಕ ವೇಳಾಪಟ್ಟಿ ಎಷ್ಟೇ ನಿಜವಾದ ಕಾರಣವಾದರೂ ಸಾವಿರಾರು ಅಭ್ಯರ್ಥಿಗಳ ಸಮಾನ ವೇಳಾಪಟ್ಟಿಯನ್ನು ಮೀರುವಂತಿಲ್ಲ ಎಂಬುದು ಆ ತೀರ್ಪಿನಿಂದ ನಾವು ಹೊರಡಿಸಬಹುದಾದ ತತ್ವ.

ಎರಡು ವರ್ಷಗಳ ಬಳಿಕ ಪರೀಕ್ಷೆಯೇ ಮುಂಚಿತವಾಗಿ ನಡೆಯತೊಡಗಿತು. 2022ರ ಜೂನ್ 19ರಂದು ಒಂದು ಕ್ಲಾಟ್, ಅದೇ ವರ್ಷದ ಡಿಸೆಂಬರ್ 18ರಂದು ಮುಂದಿನ ಸಾಲಿನ ಕ್ಲಾಟ್. ಅಂದಿನಿಂದ ಪರೀಕ್ಷೆ ಡಿಸೆಂಬರಿನಲ್ಲೇ ನಡೆಯುತ್ತಿದೆ. ಸಂಸ್ಥೆಗಳಿಗೆ ತರಗತಿ ಸಕಾಲಕ್ಕೆ ಆರಂಭಿಸುವ ಅನುಕೂಲ, ವಿದ್ಯಾರ್ಥಿಗಳಿಗೆ ಬೋರ್ಡ್ ಪರೀಕ್ಷೆಗೆ ಮುಂಚೆ ಒಂದು ಭಾರ ಇಳಿದ ಸಮಾಧಾನ, ಇವು ನಿಜವಾದ ಲಾಭಗಳೇ. ಆದರೆ ಹನ್ನೆರಡನೆಯ ತರಗತಿಯ ಪಾಠ ಮುಗಿಯುವ ಮುನ್ನವೇ ತಯಾರಿ ಮುಗಿದಿರಬೇಕು, ಹನ್ನೊಂದನೆಯ ತರಗತಿಯಲ್ಲೇ ಕಾನೂನು ಓದುವ ತೀರ್ಮಾನ ಆಗಿರಬೇಕು. ಕೋಚಿಂಗ್ ಸಿಗುವ ನಗರದ ಮಗುವಿಗೆ ಇದು ಸಾಧ್ಯ. ಝಹೀರಾಬಾದಿನ ಅಥವಾ ಹುಮನಾಬಾದಿನ ಸರ್ಕಾರಿ ಕಾಲೇಜಿನಲ್ಲಿ, ಇಂಥ ಪರೀಕ್ಷೆಯ ಸುದ್ದಿಯನ್ನು ಉಪನ್ಯಾಸಕರ ಬಾಯಿಂದ ಎರಡನೆಯ ವರ್ಷದಲ್ಲಿ ಮೊದಲ ಬಾರಿ ಕೇಳುವ ವಿದ್ಯಾರ್ಥಿಗೆ ಆಗಲೇ ಗಡುವು ಮುಗಿದಿರುತ್ತದೆ.

ಹಣದ ಲೆಕ್ಕವೂ ಹೀಗೇ. ಕ್ಲಾಟ್ ಕೌನ್ಸೆಲಿಂಗ್‌ಗೆ ನೋಂದಾಯಿಸಲು 50,000 ರೂಪಾಯಿ ಕಟ್ಟಬೇಕಿದ್ದದ್ದನ್ನು ಟೀಕೆಗಳ ನಂತರ 30,000ಕ್ಕೆ, ಮೀಸಲು ವರ್ಗಗಳಿಗೆ 20,000ಕ್ಕೆ ಇಳಿಸಲಾಯಿತು. ಸೀಟು ಸಿಗುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಇಷ್ಟು ಹಣ ಕೈಯಲ್ಲಿರಬೇಕು. ಇನ್ನು 2024ರ ಡಿಸೆಂಬರ್ 1ರ ಪರೀಕ್ಷೆಯಲ್ಲಿ ಉತ್ತರಗಳ ಬಗ್ಗೆ ವ್ಯಾಜ್ಯ ಹುಟ್ಟಿ, ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2025ರ ಮೇ 7ರಂದು ತೀರ್ಮಾನವಾಯಿತು. ಅಲ್ಲಿಯ ತನಕ ಪದವಿ ಕೋರ್ಸಿನ ಕೌನ್ಸೆಲಿಂಗ್ ನಿಂತಿತ್ತು. ಮುಂಗಡ ಪರೀಕ್ಷೆಯ ಭಾರ ಅಭ್ಯರ್ಥಿಗಳ ಮೇಲೆ ಪೂರ್ತಿ ಬಿತ್ತು. ಮುಂಗಡ ನಿಶ್ಚಿತತೆಯ ಫಲ ಮಾತ್ರ ಸಿಗಲಿಲ್ಲ.

6. ತಡವಾದ ಕ್ಯುಯೆಟ್, ಮೊದಲೇ ಕಟ್ಟಿದ ಹಣ

ಒಬ್ಬರ ಆತುರ ಎಷ್ಟು ಕೆಟ್ಟದ್ದೋ ಇನ್ನೊಬ್ಬರ ವಿಳಂಬವೂ ಅಷ್ಟೇ. ಕ್ಯುಯೆಟ್‌ನ ಮೊದಲ ವರ್ಷವಾದ 2022ರಲ್ಲಿ ಫಲಿತಾಂಶ ಬಂದದ್ದು ಸೆಪ್ಟೆಂಬರ್ 16ರಂದು. 2024ರಲ್ಲಿ ಜುಲೈ 28ರಂದು. ತೆಲಂಗಾಣದ ಇಂಟರ್ ಫಲಿತಾಂಶ 2024ರಲ್ಲಿ ಏಪ್ರಿಲ್ 24ರಂದೇ ಬಂದಿತ್ತು, ಕರ್ನಾಟಕದ ದ್ವಿತೀಯ ಪಿಯು ಫಲಿತಾಂಶ ಏಪ್ರಿಲ್ 10ರಂದು. ಅಂದರೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಕಡಿಮೆ ಶುಲ್ಕದ ಸೀಟಿಗಾಗಿ ಕಾಯುವ ವಿದ್ಯಾರ್ಥಿ ಮೂರು ತಿಂಗಳಿಗೂ ಹೆಚ್ಚು ಕಾಲ ಅನಿಶ್ಚಿತತೆಯಲ್ಲಿ ಇರಬೇಕು. ಅಷ್ಟರಲ್ಲಿ ಖಾಸಗಿ ವಿಶ್ವವಿದ್ಯಾಲಯಗಳ ಸುತ್ತುಗಳು ಮುಗಿಯುತ್ತಾ ಬರುತ್ತವೆ. ಎರಡೂ ಕಡೆ ಕಾಲಿಡಬೇಕೆಂದರೆ ಒಂದು ಕಡೆ ಹಣ ಕಟ್ಟಿಟ್ಟು ಕಾಯಬೇಕು.

ಆದ್ದರಿಂದ ಶುಲ್ಕ ವಾಪಸಾತಿಯ ನಿಯಮವೇ ಇಲ್ಲಿ ನಿಜವಾದ ಪ್ರವೇಶ ನೀತಿ. ಇದರ ಬೇರು ಕರ್ನಾಟಕದ ಪ್ರಕರಣವೊಂದರಲ್ಲಿದೆ. 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಾಲೇಜುಗಳು ಇಡೀ ಕೋರ್ಸಿನ ಶುಲ್ಕವನ್ನು ಮುಂಗಡವಾಗಿ ವಸೂಲು ಮಾಡುವಂತಿಲ್ಲ, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ್ದನ್ನು ಮಾತ್ರ ಪಡೆಯಬಹುದು ಎಂದಿತು. ಮುಂದೆ 2018ರ ಅಕ್ಟೋಬರಿನಲ್ಲಿ ಯುಜಿಸಿ ವಾಪಸಾತಿಯ ವಿವರವಾದ ನಿಯಮ ಹೊರಡಿಸಿತು. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮುಂಚೆ ಸೀಟು ಬಿಟ್ಟರೆ ಅಲ್ಪ ಸಂಸ್ಕರಣಾ ವೆಚ್ಚ ಬಿಟ್ಟು ಶೇ. 100, 15 ದಿನಕ್ಕಿಂತ ಕಡಿಮೆ ಇದ್ದರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 15ರಿಂದ 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವುದನ್ನೂ ಆಯೋಗ ನಿಷೇಧಿಸಿತು.

ಕಾಗದದ ಮೇಲೆ ಉದಾರವಾದ ಈ ನಿಯಮದಲ್ಲಿ ಒಂದು ಬಿರುಕಿದೆ. ಲೆಕ್ಕ ಆರಂಭವಾಗುವುದು ಆಯಾ ಸಂಸ್ಥೆ ತಾನೇ ಅಧಿಸೂಚಿಸಿದ ಕೊನೆಯ ದಿನದಿಂದ. ಯಾರು ಬೇಗ ಪ್ರವೇಶ ಮುಗಿಸುತ್ತಾರೋ ಅವರ ವಾಪಸಾತಿಯ ಅವಧಿಯೂ ಬೇಗ ಮುಗಿಯುತ್ತದೆ. ಜೂನಿನಲ್ಲಿ ಪ್ರವೇಶ ಮುಗಿಸಿದ ಸಂಸ್ಥೆಯಲ್ಲಿ ಹಣ ಕಟ್ಟಿದವರಿಗೆ ಸೆಪ್ಟೆಂಬರಿನ ಕ್ಯುಯೆಟ್ ಫಲಿತಾಂಶದ ಹೊತ್ತಿಗೆ ಮರಳುವುದು ಸೊನ್ನೆ. ನಿಯಮವು ಆತುರಕ್ಕೆ ಬಹುಮಾನ ಕೊಟ್ಟಂತಾಯಿತು.

ಆಯೋಗ ಇದನ್ನು 2022ರಲ್ಲಿ ಭಾಗಶಃ ಸರಿಪಡಿಸಿತು. ಆ ವರ್ಷ ಜುಲೈನಲ್ಲಿ, ಸಿಬಿಎಸ್‌ಇ ಫಲಿತಾಂಶದ ನಂತರವೇ ಪ್ರವೇಶದ ಕೊನೆಯ ದಿನ ನಿಗದಿಪಡಿಸುವಂತೆ ವಿಶ್ವವಿದ್ಯಾಲಯಗಳಿಗೆ ಬರೆಯಿತು. ಬಳಿಕ, ಅಕ್ಟೋಬರ್ 31ರ ತನಕ ಸೀಟು ಬಿಟ್ಟವರಿಗೆ ಪೂರ್ತಿ ಹಣ, ಡಿಸೆಂಬರ್ 31ರ ತನಕ ಬಿಟ್ಟವರಿಗೆ 1,000 ರೂಪಾಯಿ ಮಾತ್ರ ಕಡಿತ ಎಂದು ಎಲ್ಲ ಸಂಸ್ಥೆಗಳಿಗೂ ಒಂದೇ ದಿನಾಂಕ ವಿಧಿಸಿತು. 2024–25ಕ್ಕೆ ಈ ದಿನಾಂಕಗಳು ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 31. ಎರಡು ಪದ್ಧತಿಗಳ ವ್ಯತ್ಯಾಸ ಚಿಕ್ಕದಲ್ಲ: ಒಂದರಲ್ಲಿ ಗಡಿಯಾರ ಸಂಸ್ಥೆಯ ಕೈಯಲ್ಲಿದೆ, ಇನ್ನೊಂದರಲ್ಲಿ ಎಲ್ಲರಿಗೂ ಕಾಣುವ ಗೋಡೆಯ ಮೇಲಿದೆ.

ಆದರೂ ಒಂದು ಕೊರತೆ ಉಳಿಯುತ್ತದೆ. ಹಣ ಮರಳಿ ಬರುವುದು ಸೀಟು ಬಿಟ್ಟ ಮೇಲೆ; ಹೊಸ ಸೀಟಿಗೆ ಕಟ್ಟಬೇಕಾದದ್ದು ಅದಕ್ಕೆ ಮುಂಚೆ. ಎರಡು ಮೂರು ವಾರಗಳ ಮಟ್ಟಿಗಾದರೂ ಎರಡು ಸಂಸ್ಥೆಗಳ ಶುಲ್ಕ ಒಟ್ಟಿಗೆ ಹೊಂದಿಸಬಲ್ಲ ಮನೆಗೆ ಮಾತ್ರ ವಾಪಸಾತಿಯ ಹಕ್ಕು ನಿಜವಾದ ಹಕ್ಕು.

7. ದೋಸ್ತ್: ಹತ್ತಿರದ ಒಳ್ಳೆಯ ಮಾದರಿ

ಉತ್ತಮ ಪಂಚಾಂಗಕ್ಕೆ ದೂರ ಹೋಗಬೇಕಿಲ್ಲ. ತೆಲಂಗಾಣ 2016ರಲ್ಲಿ ಆರಂಭಿಸಿದ ದೋಸ್ತ್ ವ್ಯವಸ್ಥೆಯಲ್ಲಿ ಉಸ್ಮಾನಿಯಾ, ಕಾಕತೀಯ, ಪಾಲಮೂರು ಮೊದಲಾದ ರಾಜ್ಯ ವಿಶ್ವವಿದ್ಯಾಲಯಗಳ ಪದವಿ ಕಾಲೇಜುಗಳಿಗೆಲ್ಲ ಒಂದೇ ಅರ್ಜಿ. ಮೊದಲ ಹಂತದ ನೋಂದಣಿಗೆ 200 ರೂಪಾಯಿ, ನಂತರದ ಹಂತಗಳಲ್ಲಿ 400. ವಿದ್ಯಾರ್ಥಿ ಆದ್ಯತೆಯ ಪಟ್ಟಿ ಕೊಡುತ್ತಾರೆ. ಮೊದಲ ಹಂತದಲ್ಲಿ ಸಿಕ್ಕ ಸೀಟನ್ನು ಆನ್‌ಲೈನ್‌ನಲ್ಲೇ ಒಪ್ಪಿಕೊಂಡು, ಮುಂದಿನ ಹಂತದಲ್ಲಿ ಮೇಲಿನ ಆಯ್ಕೆಗೆ ಪ್ರಯತ್ನಿಸಬಹುದು. ಕಾಲೇಜಿಗೆ ಖುದ್ದಾಗಿ ಹೋಗಿ ಸೇರುವುದು ಹಂತಗಳು ಮುಗಿದ ನಂತರ. ಮೊದಲು ಬಂದ ಸೀಟನ್ನು ಹಿಡಿದುಕೊಂಡದ್ದಕ್ಕೆ ಉತ್ತಮ ಸೀಟು ಕಳೆದುಕೊಳ್ಳುವ ಶಿಕ್ಷೆ ಇಲ್ಲಿ ಇಲ್ಲ.

ದೋಸ್ತ್‌ನ ಮಿತಿ ಅದರ ಎಲ್ಲೆಯಲ್ಲಿದೆ. ಖಾಸಗಿ ವಿಶ್ವವಿದ್ಯಾಲಯಗಳು, ಕೇಂದ್ರೀಯ ಸಂಸ್ಥೆಗಳು ಅದರ ಹೊರಗಿವೆ. ಒಳಗಿನ ದಿನಾಂಕಗಳು ಎಷ್ಟೇ ಸುಸಂಬದ್ಧವಾಗಿದ್ದರೂ ಹೊರಗಿನ ಓಟ ನಿಲ್ಲುವುದಿಲ್ಲ.

8. ಗಡುವು ಮೀರಿದಾಗ: ನ್ಯಾಯಾಲಯದ ದಾರಿ

ಗಡುವಿನ ಬಿಗಿತವನ್ನು ಸುಪ್ರೀಂ ಕೋರ್ಟು ಒಂದು ಕಡೆ ಎತ್ತಿಹಿಡಿದಿದೆ. ವೈದ್ಯಕೀಯ ಪ್ರವೇಶದಲ್ಲಿ 2005ರ ಮೃದುಲ್ ಧರ್, 2012ರ ಪ್ರಿಯಾ ಗುಪ್ತಾ ಪ್ರಕರಣಗಳು ವೇಳಾಪಟ್ಟಿಯ ಕಟ್ಟುನಿಟ್ಟಿಗೆ ಆಧಾರ. ತಪ್ಪು ಅಭ್ಯರ್ಥಿಯದಲ್ಲದಿದ್ದರೆ ಏನು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೆಲುಗು ನಾಡಿನ ಪ್ರಕರಣಗಳಲ್ಲಿ. 2019ರ ಡಿಸೆಂಬರಿನ ಕೃಷ್ಣ ಶ್ರದ್ಧಾ ತೀರ್ಪು, ಅಭ್ಯರ್ಥಿಯದು ಯಾವ ತಪ್ಪೂ ಇಲ್ಲದೆ, ತಡಮಾಡದೆ ನ್ಯಾಯಾಲಯಕ್ಕೆ ಬಂದಿದ್ದರೆ, ಅಪರೂಪದ ಸಂದರ್ಭದಲ್ಲಿ ಕೊನೆಯ ದಿನ ಕಳೆದ ಒಂದು ತಿಂಗಳೊಳಗೂ ಪ್ರವೇಶ ಕೊಡಿಸಬಹುದು, ಇಲ್ಲವೇ ಮುಂದಿನ ವರ್ಷದ ಸೀಟು ಮತ್ತು ಪರಿಹಾರ ಕೊಡಿಸಬಹುದು ಎಂದಿತು.

ಮರುವರ್ಷವೇ ಹೈದರಾಬಾದಿನಿಂದ ಇಂಥದೊಂದು ಪ್ರಕರಣ ಬಂತು. ಸ್ನಾತಕೋತ್ತರ ವೈದ್ಯಕೀಯ ಸೀಟು ಹಂಚಿಕೆಯಾದ ಅಭ್ಯರ್ಥಿಯೊಬ್ಬರನ್ನು ಕೊನೆಯ ದಿನವಾದ 2020ರ ಜುಲೈ 30ರೊಳಗೆ ಖಾಸಗಿ ಕಾಲೇಜೊಂದು ಸೇರಿಸಿಕೊಳ್ಳಲಿಲ್ಲ. ಸುಪ್ರೀಂ ಕೋರ್ಟು 2020ರ ಡಿಸೆಂಬರ್ 7ರಂದು, ಮುಂದಿನ ವರ್ಷ ಆಡಳಿತ ಮಂಡಳಿ ಕೋಟಾದಿಂದಲೇ ಒಂದು ಸೀಟು ಕೊಡಬೇಕು, ಜೊತೆಗೆ ಕಾಲೇಜು 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಆದೇಶಿಸಿತು. ತಪ್ಪಿನ ಬೆಲೆಯನ್ನು ತಪ್ಪು ಮಾಡಿದವರ ಖಾತೆಗೇ ಹಾಕಿದ್ದು ಈ ಆದೇಶದ ವಿಶೇಷ.

ಹಣ ಕಟ್ಟುವ ಗಡುವಿನ ವಿಷಯ 2024ರಲ್ಲಿ ದೇಶದ ಗಮನಕ್ಕೆ ಬಂತು. ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗ, ದಲಿತ ವಿದ್ಯಾರ್ಥಿ, ಧನಬಾದ್ ಐಐಟಿಯ ಸೀಟಿಗೆ 17,500 ರೂಪಾಯಿಯನ್ನು ಜೂನ್ 24ರ ಸಂಜೆ 5 ಗಂಟೆಯೊಳಗೆ ಕಟ್ಟಲಾಗಲಿಲ್ಲ. ಮನೆಯವರು ಊರವರಿಂದ ಹಣ ಕೂಡಿಸುವಷ್ಟರಲ್ಲಿ ಸಮಯ ಮೀರಿತ್ತು. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟು 142ನೆಯ ವಿಧಿಯ ಅಧಿಕಾರ ಬಳಸಿ ಅದೇ ಸಾಲಿನಲ್ಲಿ ಸೀಟು ಕೊಡಿಸಿತು. ತೀರ್ಪು ನ್ಯಾಯವಾದದ್ದು. ಆದರೆ ಕೆಲವು ನಿಮಿಷಗಳ ವಿಳಂಬ ಸರಿಪಡಿಸಲು ಮೂರು ತಿಂಗಳು ಮತ್ತು ದೇಶದ ಅತ್ಯುನ್ನತ ನ್ಯಾಯಾಲಯ ಬೇಕಾಯಿತೆಂದರೆ, ಕೆಳಗಿನ ಯಾವ ಕಚೇರಿಗೂ ಆ ಅಧಿಕಾರ ಇರಲಿಲ್ಲವೆಂದೇ ಅರ್ಥ. ದೆಹಲಿಯವರೆಗೆ ಹೋಗಲಾರದವರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಬಿಗಿತಕ್ಕೂ ಕಾರಣವಿದೆ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಸಡಿಲ ಬಿಟ್ಟಲ್ಲಿ ಸೀಟ್ ಬ್ಲಾಕಿಂಗ್ ಬೆಳೆಯುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಎಂಜಿನಿಯರಿಂಗ್ ಸೀಟುಗಳನ್ನು ಸೇರುವ ಉದ್ದೇಶವಿಲ್ಲದವರ ಹೆಸರಲ್ಲಿ ಹಿಡಿದಿಟ್ಟ ಆರೋಪದ ಮೇಲೆ 2024ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. 2025ರ ಮೇ 22ರಂದು ಸುಪ್ರೀಂ ಕೋರ್ಟು ಸ್ನಾತಕೋತ್ತರ ವೈದ್ಯಕೀಯ ಸೀಟುಗಳ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಇದಕ್ಕೆ ಮದ್ದು ಹೇಳಿದೆ: ಅಖಿಲ ಭಾರತ ಮತ್ತು ರಾಜ್ಯ ಕೌನ್ಸೆಲಿಂಗ್‌ಗೆ ಹೊಂದಿಕೆಯ ಒಂದೇ ಪಂಚಾಂಗ, ಕೌನ್ಸೆಲಿಂಗ್‌ಗೆ ಮುನ್ನವೇ ಶುಲ್ಕದ ಬಹಿರಂಗ ಘೋಷಣೆ. ಬ್ಲಾಕಿಂಗ್ ತಡೆಗೂ ಬಡ ಅಭ್ಯರ್ಥಿಯ ರಕ್ಷಣೆಗೂ ಬೇಕಾದದ್ದು ಒಂದೇ ಸಾಧನ ಎಂಬುದನ್ನು ಗಮನಿಸಬೇಕು.

9. ಕನ್ನಡದ ಅಭ್ಯರ್ಥಿ ಎಲ್ಲಿ ನಿಲ್ಲುತ್ತಾರೆ?

ಬೀದರ, ಯಾದಗಿರಿ, ರಾಯಚೂರಿನ ಮಕ್ಕಳಿಗೆ ಹೈದರಾಬಾದು ಹತ್ತಿರ, ಅದರ ಸೀಟುಗಳು ದೂರ. 371ಡಿ ವಿಧಿಯ ಅಡಿಯಲ್ಲಿ 1974ರಲ್ಲಿ ಬಂದ ರಾಷ್ಟ್ರಪತಿ ಆದೇಶದಂತೆ ರಾಜ್ಯ ಸಂಸ್ಥೆಗಳ ಶೇ. 85 ಸೀಟುಗಳು ಸ್ಥಳೀಯರಿಗೆ ಮೀಸಲು. ಕರ್ನಾಟಕದವರಿಗೆ ತೆರೆದಿರುವುದು ಬಹುಮಟ್ಟಿಗೆ ಅಖಿಲ ಭಾರತ ಸಂಸ್ಥೆಗಳು ಮತ್ತು ಖಾಸಗಿ ವಿಶ್ವವಿದ್ಯಾಲಯಗಳು. ಮೊದಲಿನವುಗಳ ಫಲಿತಾಂಶ ತಡ, ಎರಡನೆಯವುಗಳ ಹಣದ ಗಡುವು ಬೇಗ. ತಮ್ಮ ರಾಜ್ಯದಲ್ಲಿ ಅವರಿಗೆ 371ಜೆ ಮೀಸಲಾತಿ ಇದೆ. ಅದರ ಅರ್ಹತಾ ಪತ್ರಕ್ಕೆ, ಸಿಇಟಿ ದಾಖಲೆ ಪರಿಶೀಲನೆಗೆ ಮತ್ತೊಂದು ಪಂಚಾಂಗ. ಇಬ್ಬಗೆಯ ವೇಳಾಪಟ್ಟಿಗಳನ್ನು ಏಕಕಾಲಕ್ಕೆ ನಿಭಾಯಿಸುವ ಹೊರೆ ಗಡಿಭಾಗದವರ ಮೇಲೆ ಸಹಜವಾಗಿಯೇ ಹೆಚ್ಚು.

ತಿರುಗುಮುರುಗಾದ ಸ್ಥಿತಿ ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಮನೆಗಳದು. ಹೊರನಾಡು ಕನ್ನಡಿಗರೆಂದು ಕರ್ನಾಟಕದ ಸಿಇಟಿಗೆ ಅರ್ಜಿ ಹಾಕುವ ಮಕ್ಕಳು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ 12 ಅಂಕ ಪಡೆಯಬೇಕು. 2025ರಲ್ಲಿ ಈ ಪರೀಕ್ಷೆ ಏಪ್ರಿಲ್ 15ರಂದು, ಸಿಇಟಿ 16 ಮತ್ತು 17ರಂದು ನಡೆದವು. ಅದೇ ತಿಂಗಳ 2ರಿಂದ 9ರ ತನಕ ಜೆಇಇ ಮೇನ್, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ ಟಿಜಿ ಎಪಿಸೆಟ್. ಕನ್ನಡ ಪರೀಕ್ಷೆಯ ಕೇಂದ್ರಗಳು ಕರ್ನಾಟಕದಲ್ಲಿದ್ದುದರಿಂದ ಪ್ರಯಾಣ ಅನಿವಾರ್ಯ. ಹೈದರಾಬಾದಿನಲ್ಲೊಂದು ಕೇಂದ್ರ ತೆರೆಯುವುದು ಪ್ರಾಧಿಕಾರಕ್ಕೆ ದೊಡ್ಡ ಹೊರೆಯಾಗದು. ಕನ್ನಡವನ್ನು ಉಳಿಸಿಕೊಂಡ ಹೊರನಾಡಿನ ಮನೆಗಳಿಗೆ ಅದರಿಂದ ಎರಡು ದಿನ ಮತ್ತು ಎರಡು ಟಿಕೆಟ್ಟಿನ ಹಣ ಉಳಿಯುತ್ತದೆ.

10. ನಿರ್ಣಯ

ಮೇಲಿನ ಸಾಮಗ್ರಿಯಿಂದ ನಾಲ್ಕು ತೀರ್ಮಾನಗಳಿಗೆ ಬರಬಹುದು.

ಒಂದು, ಅರ್ಜಿಯ ಗಡುವುಗಳು ಬೇರೆಬೇರೆಯಾಗಿದ್ದರೆ ದೊಡ್ಡ ಹಾನಿಯಿಲ್ಲ. ಒಪ್ಪಿಗೆಯ ಮತ್ತು ಹಣದ ಗಡುವುಗಳು ಬೇರೆಬೇರೆಯಾದಾಗಲೇ ಅನ್ಯಾಯ ಹುಟ್ಟುತ್ತದೆ. ಕ್ಯುಯೆಟ್, ಜೋಸಾ ಮತ್ತು ರಾಜ್ಯದ ಕೌನ್ಸೆಲಿಂಗ್‌ನ ಮೊದಲ ಸುತ್ತು ಮುಗಿಯುವ ತನಕ ಯಾವ ಸಂಸ್ಥೆಯೂ ಅಂತಿಮ ಒಪ್ಪಿಗೆ ಅಥವಾ ಪೂರ್ತಿ ಶುಲ್ಕ ಕೇಳದಂತೆ ಯುಜಿಸಿ ಸಾಮಾನ್ಯ ಉತ್ತರದ ದಿನವೊಂದನ್ನು ಗೊತ್ತುಮಾಡಬೇಕು.

ಎರಡು, ಶುಲ್ಕ ವಾಪಸಾತಿಯ ಒಂದೇ ದಿನಾಂಕದ ನಿಯಮ ವರ್ಷವರ್ಷದ ಸುತ್ತೋಲೆಯಾಗಿ ಉಳಿಯದೆ ಕಾಯಂ ಆಗಬೇಕು. ಅಭ್ಯರ್ಥಿ ಹೊಸ ಸಂಸ್ಥೆಗೆ ಹೋದಾಗ ಹಳೆಯ ಸಂಸ್ಥೆಯಿಂದ ಹಣ ನೇರವಾಗಿ ಅಲ್ಲಿಗೇ ವರ್ಗವಾಗುವ ಏರ್ಪಾಡು ಆಗಬೇಕು.

ಮೂರು, ಅಭ್ಯರ್ಥಿಯ ತಪ್ಪಿಲ್ಲದೆ ಅಥವಾ ಕೆಲವೇ ಗಂಟೆಗಳ ಅಂತರದಲ್ಲಿ ಗಡುವು ತಪ್ಪಿದ ಪ್ರಕರಣಗಳನ್ನು 48 ಗಂಟೆಯೊಳಗೆ ತೀರ್ಮಾನಿಸುವ ಅಧಿಕಾರಿಯೊಬ್ಬರು ಪ್ರತಿ ಕೌನ್ಸೆಲಿಂಗ್ ಪ್ರಾಧಿಕಾರದಲ್ಲೂ ಇರಬೇಕು. ಅರ್ಜಿಯ ದಂಡ ಶುಲ್ಕ ಮೂಲ ಶುಲ್ಕವನ್ನು ಮೀರಬಾರದು.

ನಾಲ್ಕು, ಪರೀಕ್ಷೆಯನ್ನು ಮುಂಚಿತವಾಗಿ ನಡೆಸುವ ಯಾವುದೇ ಸಂಸ್ಥೆ ಅದರಿಂದ ಗ್ರಾಮೀಣ ಮತ್ತು ಸರ್ಕಾರಿ ಕಾಲೇಜುಗಳ ಅರ್ಜಿದಾರರ ಪ್ರಮಾಣ ಏನಾಯಿತೆಂಬ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಬೇಕು. ಆ ಲೆಕ್ಕವಿಲ್ಲದೆ ಮುಂಗಡ ಪರೀಕ್ಷೆಯನ್ನು ಸುಧಾರಣೆ ಎಂದು ಒಪ್ಪಲು ಆಧಾರವಿಲ್ಲ.

ರ‍್ಯಾಂಕ್ ಪಟ್ಟಿ ಎಷ್ಟೇ ಪಾರದರ್ಶಕವಾಗಿದ್ದರೂ ದಿನಾಂಕಗಳ ಕ್ರಮ ಅಸಮವಾಗಿದ್ದರೆ ಆಯ್ಕೆ ಸಮಾನವಾಗದು. ಮೀಸಲಾತಿಯ ರೋಸ್ಟರನ್ನು ಎಷ್ಟು ಎಚ್ಚರದಿಂದ ಪರಿಶೀಲಿಸುತ್ತೇವೆಯೋ ಪ್ರವೇಶದ ಪಂಚಾಂಗವನ್ನೂ ಅಷ್ಟೇ ಎಚ್ಚರದಿಂದ ಪರಿಶೀಲಿಸುವುದು ಶಿಕ್ಷಣ ಸಂಶೋಧಕರ ಕೆಲಸವಾಗಬೇಕು.